ಜಟ್ಟೆಪ್ಪನ ಮುಳುಗದ ಬೆಂಡು

ಸೇಡಂ ಸ್ಟೇಷನ್ ರಸ್ತೆಯಲ್ಲಿ ಬೆಳಗಿನ ಐದೂವರೆ. ಶಹಾಬಾದಿ ಹಾಸುಗಲ್ಲುಗಳನ್ನು ಅಂಚಿನ ಮೇಲೆ ನಿಲ್ಲಿಸಿ ಕಟ್ಟಿದ ಮೂರು ಗೋಡೆ, ಮೇಲೆ ತಗಡು, ಮುಂದೆ ಗೋಣಿಯ ಪರದೆ. ಒಳಗೆ ಮೋಟಾರು ಸೈಕಲ್ ಮಿಸ್ತ್ರಿ ಜಟ್ಟೆಪ್ಪ ಕುಕ್ಕುರುಗಾಲಲ್ಲಿ ಕುಳಿತು ಬೆಳಕಿಗೆ ಕಾಯುತ್ತಿದ್ದಾರೆ. ಪೆಟ್ರೋಲಿನ ಹತ್ತಿರ ಲಾಟೀನು ಹಚ್ಚುವಂತಿಲ್ಲ. ಬಿಸಿಲೇರಿದರೆ ಪೆಟ್ರೋಲು ಆವಿಯಾಗಿ ಅಳತೆ ತಪ್ಪುತ್ತದೆ. ಸೂಕ್ಷ್ಮ ಕೆಲಸಕ್ಕೆ ದಿನಕ್ಕೆ ಸಿಗುವುದು ಈ ಎರಡು ತಾಸು ಮಾತ್ರ.

ಪರದೆಯ ಸಂದಿಯಿಂದ ಬೆಳಕು ಬಂದೊಡನೆ ಅವರು ಉಪ್ಪಿನಕಾಯಿಯ ಗಾಜಿನ ಭರಣಿಯೊಂದರತ್ತ ಬಾಗುತ್ತಾರೆ. ಭರಣಿಯಲ್ಲಿ ಅರ್ಧ ಪೆಟ್ರೋಲು, ಅದರ ಮೇಲೆ ಕುದುರೆ ಲಾಳದ ಆಕಾರದ ಒಂದು ಬೆಂಡು ತೇಲುತ್ತಿದೆ. ಏಳು ದಿನಗಳ ಹಿಂದೆ ಅದರ ಮೈಮೇಲೆ ಸೂಜಿಯಿಂದ ಗೀರಿದ್ದ ಗೆರೆ ಈಗಲೂ ಪೆಟ್ರೋಲಿನ ಮಟ್ಟಕ್ಕೇ ಇದೆ. ಬೆಂಡನ್ನು ಎತ್ತಿ ಒರೆಸಿ, ಅಕ್ಕಸಾಲಿಗರ ತಕ್ಕಡಿಯಲ್ಲಿಟ್ಟು, ಇನ್ನೊಂದು ತಟ್ಟೆಗೆ ಒಂದೊಂದಾಗಿ ಗುಲಗಂಜಿ ಹಾಕುತ್ತಾರೆ. ಎಪ್ಪತ್ತೆರಡು. ಮೊದಲ ದಿನವೂ ಎಪ್ಪತ್ತೆರಡೇ ಇತ್ತು.

"ಏಳ್ ದಿನ ಶೇಂದಿ ದುಕಾನದಾಗ ಕುಂತು, ಒಂದ್ ಹನಿ ಮುಟ್ಟಲಾರ್ದ ಎದ್ದ್ ಬಂದಾನ ನೋಡ್ರಿ" ಎನ್ನುತ್ತಾರೆ ಈ ಲೇಖಕನತ್ತ ತಿರುಗಿ. "ಇಂಥ ಗಂಡಸ ಸೇಡಂದಾಗ ಮತ್ತೊಬ್ಬ ಇಲ್ಲ."

ಇಂದು ಮಧ್ಯಾಹ್ನ ಹನ್ನೆರಡರೊಳಗೆ ಈ ಬೆಂಡು ಒಂದು ಗಾಡಿಯ ಕಾರ್ಬುರೇಟರ್ ಸೇರಿ ಅದನ್ನು ಚಿಂಚೋಳಿ ಮುಟ್ಟಿಸಬೇಕಾಗಿದೆ. ಗಾಡಿ ಚಿಂಚೋಳಿ ದವಾಖಾನೆಯ ಮೋಟಾರು ಸೈಕಲ್. ಅಮೆರಿಕದಲ್ಲಿ ತಯಾರಾದದ್ದು, ವಯಸ್ಸು ಇಪ್ಪತ್ತು, ಪಕ್ಕಕ್ಕೆ ಒಬ್ಬರು ಕೂರುವ ತೊಟ್ಟಿಲು. ಸೂಲಗಿತ್ತಿ ಹಮೀದಾಬೇಗಂ ಅದರಲ್ಲಿ ಕುಳಿತು ಚಂದ್ರಂಪಳ್ಳಿಯಂಥ ಕಾಡಂಚಿನ ಊರುಗಳಿಗೆ ಹೆರಿಗೆ ಮಾಡಿಸಲು ಹೋಗುತ್ತಾರೆ. ಈ ಮಾದರಿಗೆ ಬಿಡಿಭಾಗಗಳು ಇನ್ನು ಸಿಗುವುದಿಲ್ಲ, ಗಾಡಿಯನ್ನು ಗುಜರಿಗೆ ಹಾಕುವುದೇ ಲೇಸು ಎಂದು ಪಟ್ಟಣದ ಏಜೆಂಟರೊಬ್ಬರು ಪತ್ರ ಬರೆದಿದ್ದಾರೆ. ಪತ್ರದ ಆಧಾರದ ಮೇಲೆ ಮೇಲಿನ ಕಚೇರಿ ಹರಾಜಿಗೆ ಹುಕುಂ ಹೊರಡಿಸಿದೆ. ಕಡತ ನೋಡಿಕೊಳ್ಳುವ ಪೇಶಕಾರ ಮಜೀದಸಾಬರು ಒಂದೇ ಒಂದು ಅವಕಾಶ ಉಳಿಸಿಕೊಟ್ಟಿದ್ದಾರೆ. ಇಂದು ಹನ್ನೆರಡರೊಳಗೆ ಗಾಡಿ ತನ್ನ ಕಾಲ ಮೇಲೆ ತಾನು ದವಾಖಾನೆಯ ಅಂಗಳಕ್ಕೆ ಬಂದರೆ ಹರಾಜು ರದ್ದು. ಬಾರದಿದ್ದರೆ ಎರಡು ಗಂಟೆಗೆ ಸವಾಲು.

ಏಜೆಂಟರ ಪತ್ರ ಈಗ ಜಟ್ಟೆಪ್ಪನವರ ತೊಡೆಯ ಮೇಲಿದೆ. ದವಾಖಾನೆಯವರು ಗಾಡಿಯ ಜೊತೆಗೆ ಅದನ್ನೂ ಕಳಿಸಿದ್ದರು. ದಪ್ಪ ಕಾಗದ, ಒಳ್ಳೆಯ ಟೈಪು. ಜಟ್ಟೆಪ್ಪ ಅದರ ಮೇಲೆ ಕಾರ್ಬುರೇಟರಿನ ಬಟ್ಟಲನ್ನು ಬೋರಲು ಹಾಕಿ, ಸುತ್ತ ಸೀಸದಕಡ್ಡಿಯಿಂದ ಗೆರೆ ಎಳೆದು, ಕತ್ತರಿಯಿಂದ ಬಳೆಯಂತೆ ಕತ್ತರಿಸುತ್ತಾರೆ. ಬಟ್ಟಲು ಮತ್ತು ಮುಚ್ಚಳದ ನಡುವೆ ಸೋರದಂತೆ ಇಡುವ ಬಿಲ್ಲೆ ಅದು.

"ಭಾಳ ಚಲೋ ಕಾಗದ. ಬರದವ್ರು ಸುಳ್ ಬರದ್ರೂ ಕಾಗದ ಸುಳ್ಳಲ್ಲ."

ಜಟ್ಟೆಪ್ಪನವರಿಗೆ ಈಗ ನಲವತ್ತೆರಡು. ಹುಟ್ಟಿದ್ದು ಶಹಾಬಾದ ಹತ್ತಿರದ ಭಂಕೂರಿನಲ್ಲಿ. ತಂದೆ ಅಂಬರಾಯ ಕಾಗಿಣಾ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದರು, ತಾಯಿ ಮಾಣಿಕಮ್ಮ ಬಲೆ ಹೆಣೆದು ಮೀನು ಮಾರುತ್ತಿದ್ದರು. ಹದಿನಾರರಲ್ಲಿ ಕಲ್ಲುಗಣಿಗೆ ಕೂಲಿಗೆ ಹೋದವರು ಗಣಿಯ ಸಾಹುಕಾರರ ಮೋಟಾರು ಸೈಕಲ್ ಒರೆಸುವ ಕೆಲಸಕ್ಕೆ ಹತ್ತಿದರು. ಒರೆಸುವ ಕೈ ಒಂದು ದಿನ ಬಿಚ್ಚಿಯೂ ನೋಡಿತು. "ಬಿಚ್ಚಲಿಕ್ಕ ಎರಡ್ ತಾಸ, ಕೂಡಸಲಿಕ್ಕ ಎರಡ್ ತಿಂಗಳ. ಅದ ನನ್ನ ಸಾಲಿ, ಅದ ನನ್ನ ಮೆಟ್ರಿಕ್." ಆದರೆ ಸೇಡಂಗೆ ಬಂದು ಅಂಗಡಿ ಇಟ್ಟಾಗ ಅವರು ಊರಿಗೆ ಹೇಳಿದ್ದು ಬೇರೆ: ಬೊಂಬಾಯಿಯ ಗ್ಯಾರೇಜಿನಲ್ಲಿ ಕಲಿತು ಬಂದವನು ಎಂದು. ಹೊಳೆದಂಡೆಯ ಮಗ ಎಂದರೆ ಗಿರಾಕಿ ಬರುವುದಿಲ್ಲ ಎಂಬ ಅಂಜಿಕೆ. ತಾಯಿ ನೋಡಲು ಬಂದರೆ ಅಂಗಡಿಗೆ ಕರೆತರದೆ ಮನೆಯಲ್ಲೇ ಕೂರಿಸುತ್ತಿದ್ದರು. ಇದನ್ನು ಅವರು ತಲೆ ತಗ್ಗಿಸದೆ, ಆದರೆ ನಿಧಾನವಾಗಿ ಹೇಳುತ್ತಾರೆ.

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ. ಈ ಐದೂರುಗಳಲ್ಲಿ ಅವರ ಲೆಕ್ಕದ ಪ್ರಕಾರ ಇಪ್ಪತ್ತಮೂರು ಮೋಟಾರು ಸೈಕಲ್ಲುಗಳಿವೆ. ಗೋಡೆಯ ಕಲ್ಲಿನ ಮೇಲೆ ಸುಣ್ಣದಲ್ಲಿ ಒಂದೊಂದಕ್ಕೂ ಒಂದು ಗೆರೆ. ಓಡುವಂಥವು ಹದಿನೇಳು. ಅವುಗಳಲ್ಲಿ ಕಿರಿಯದಕ್ಕೆ ಹನ್ನೊಂದು ವರ್ಷ. ಯುದ್ಧ ಮುಗಿದು ಇನ್ನೂ ವರ್ಷವಾಗಿಲ್ಲ, ಹಡಗಿನಲ್ಲಿ ಬಿಡಿಭಾಗ ಬರುವುದು ಕನಸಿನ ಮಾತು. ಆದ್ದರಿಂದ ಪ್ರತಿ ಮಂಗಳವಾರ ಜಟ್ಟೆಪ್ಪ ರೈಲು ಹತ್ತಿ ವಾಡಿ ಜಂಕ್ಷನ್ನಿಗೆ ಹೋಗಿ, ಇಂಜಿನ್ ಶೆಡ್ಡಿನವರು ಬಿಸಾಡಿದ ಹಿತ್ತಾಳೆ ನಳಿಗೆಯ ತುಂಡು ಆರಿಸುತ್ತಾರೆ. ಹೊಲಿಗೆ ಯಂತ್ರದ ಸ್ಪ್ರಿಂಗು, ಮುರಿದ ಗ್ರಾಮಫೋನಿನ ತಿರುಪು, ಹಾರ್ಮೋನಿಯಂ ಒಳಗಿನ ಹಿತ್ತಾಳೆ ಪಟ್ಟಿ, ಎಲ್ಲವೂ ಅವರ ಡಬ್ಬಿಯಲ್ಲಿ ಮೋಟಾರಿನ ಜಾತಿಗೆ ಸೇರುತ್ತವೆ.

ಪೆಟ್ರೋಲು ಹೊರಬರುವ ಸಣ್ಣ ತೂತಿನ ಅಳತೆಯನ್ನು ಅವರು ನೋಡುವ ರೀತಿ ಇನ್ನೂ ವಿಚಿತ್ರ. ಒಂದು ಲೋಟ ಪೆಟ್ರೋಲು ಆ ತೂತಿನಿಂದ ಖಾಲಿಯಾಗುವವರೆಗೆ ತಂದೆ ಹುಟ್ಟು ಹಾಕುತ್ತಿದ್ದ ಲಯದಲ್ಲಿ "ಹೈಸಾ... ಹೈಸಾ..." ಎಂದು ಎಣಿಸುತ್ತಾರೆ. ಕೈಗಡಿಯಾರ ಹಿಡಿದು ಮೂರು ಸಲ ಪರೀಕ್ಷಿಸಿದರೂ ಅವರ ನಲವತ್ತು ಹುಟ್ಟಿನ ಎಣಿಕೆಯಲ್ಲಿ ಒಂದು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಅನೇಕ ಪ್ರಯೋಗಶಾಲೆಗಳು ಇಷ್ಟು ನೆಟ್ಟಗಿರುವುದಿಲ್ಲ.

ಕಾರ್ಬುರೇಟರ್ ಎಂದರೆ ಪೆಟ್ರೋಲಿಗೆ ತಕ್ಕಷ್ಟು ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ ಪಾತ್ರೆ. ಅದರ ಬಟ್ಟಲಲ್ಲಿ ತೇಲುವ ಬೆಂಡು, ಪೆಟ್ರೋಲು ಏರಿದಾಗ ಒಳಬರುವ ದಾರಿ ಮುಚ್ಚುತ್ತದೆ, ಇಳಿದಾಗ ತೆರೆಯುತ್ತದೆ. ಬೆಂಡು ಪೆಟ್ರೋಲು ಹೀರಿ ಮುಳುಗಿದರೆ ದಾರಿ ತೆರೆದೇ ಉಳಿದು ಎಲ್ಲ ಹೊರಚೆಲ್ಲುತ್ತದೆ, ಗಾಡಿ ನಿಲ್ಲುತ್ತದೆ. ಜಟ್ಟೆಪ್ಪ ಇದನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: "ಅದರ ಹೊಟ್ಟ್ಯಾಗ ಒಂದ್ ಸಣ್ಣ ಹರಗೋಲ ಅದರಿ. ಅದು ತೇಲೂ ತನಕ ಮಂದಿ ದಂಡಿ ಮುಟ್ತಾರ."

ಬೆಂಡು ಪೆಟ್ರೋಲು ಹೀರದಂತೆ ಅದಕ್ಕೆ ಅರಗು ಹಚ್ಚುವುದು ವಾಡಿಕೆ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಳಿಯಬೇಕು. ಪೆಟ್ರೋಲಿಗೆ ಅದು ಜಗ್ಗುವುದಿಲ್ಲ. ಕಳೆದ ಡಿಸೆಂಬರಿನಲ್ಲಿ ಕಾಕಂಬಿಯ ಸ್ಪಿರಿಟ್ಟು ಬೆರೆಸಿದ ಪೆಟ್ರೋಲು ಈ ಕಡೆಗೆ ಬಂತು. ಸ್ಪಿರಿಟ್ಟಿಗೆ ಅರಗು ಕರಗುತ್ತದೆಂಬುದು ಜಟ್ಟೆಪ್ಪನವರಿಗೆ ಗೊತ್ತಿತ್ತು. ಪೆಟ್ರೋಲಿನಲ್ಲಿ ಸ್ಪಿರಿಟ್ಟಿದೆ ಎಂಬುದನ್ನೂ ಕೇಳಿದ್ದರು. ಎರಡನ್ನೂ ಕೂಡಿಸಿ ನೋಡಲಿಲ್ಲ. ದವಾಖಾನೆಯ ಗಾಡಿಗೆ ಎಂದಿನಂತೆ ಅರಗಿನ ಬೆಂಡನ್ನೇ ಹಾಕಿ ಕಳಿಸಿದರು.

ಮುಂದಿನದನ್ನು ಹಮೀದಾಬೇಗಂ ಹೇಳುತ್ತಾರೆ. ಇಂದಿನ ಸವಾರಿಗೆಂದು ಅವರು ನಿನ್ನೆಯೇ ಚಕ್ಕಡಿಯಲ್ಲಿ ಸೇಡಂಗೆ ಬಂದಿಳಿದಿದ್ದಾರೆ. "ಚಂದ್ರಂಪಳ್ಳಿ ದಾರ್‍ಯಾಗ ಗಾಡಿ ನಿಂತ್ಬಿಡ್ತು. ಪೆಟ್ರೋಲ್ ನಲ್ಲಿಯಿಂದ ಬಿದ್ದಂಗ ಬೀಳ್ಲಿಕತ್ತಿತ್ತು. ಸಾಮಾನಿನ ಪೆಟ್ಟಿ ತಲಿ ಮ್ಯಾಲ ಇಟ್ಕೊಂಡು ಆರ್ ಮೈಲ್ ನಡದ್ ಹೋದೆ. ತಾಯಿ ಉಳದ್ಲು. ಕೂಸು ಉಳೀಲಿಲ್ಲ." ಪೆಟ್ಟಿಗೆಯ ಮುಚ್ಚಳ ಭದ್ರಪಡಿಸುತ್ತ, "ಮುಂದಿನ ಹಫ್ತಾ ಬಂದು ಈ ಮಿಸ್ತ್ರಿ ಭಾಯ್‌ಗ ಅಂದೆ, ನಿಮ್ಮ ಗಾಡಿಕಿಂತ ನನ್ನ ಕಾಲ ಚಲೋ ಅದಾವ ಅಂತ" ಎನ್ನುತ್ತಾರೆ.

"ಅರಗ ಹಚ್ಚಿದ್ದು ಈ ಕೈರಿ" ಎನ್ನುತ್ತಾರೆ ಜಟ್ಟೆಪ್ಪ. "ತಪ್ಪ ಕಂಪನಿದಲ್ಲ, ಪೆಟ್ರೋಲಿಂದಲ್ಲ. ಈ ಕೈ."

ಆಮೇಲೆ ಒಂದು ತಿಂಗಳು ಅವರು ಹಚ್ಚಿ ನೋಡದ ವಸ್ತುವಿಲ್ಲ. ಮೇಣ, ಡಾಂಬರು, ಬಣ್ಣ. ಎಲ್ಲವೂ ಭರಣಿಯಲ್ಲಿ ಕರಗಿದವು. ಗಂಡ ತೀರಿಕೊಂಡರೂ ಭಂಕೂರಿನಲ್ಲೇ ಉಳಿದಿರುವ ಮಾಣಿಕಮ್ಮ ಜನವರಿಯಲ್ಲಿ ಮಗನ ಮನೆಗೆ ಬಂದಾಗ, ಅವನು ಊಟ ಬಿಟ್ಟು ಭರಣಿ ನೋಡುತ್ತ ಕೂತದ್ದನ್ನು ಕಂಡು ಕೇಳಿದರಂತೆ, "ಯಾಕಪಾ, ಬೆಂಡ ನೀರ ಕುಡೀಲಿಕತ್ತದ? ನಿಮ್ಮಪ್ಪ ಬಲಿ ಬೆಂಡಿಗಿ ಏನ್ ಹಚ್ತಿದ್ದ, ಮರತಿ?"

ಮರೆತಿರಲಿಲ್ಲ, ಮರೆಯಲು ಪ್ರಯತ್ನಪಟ್ಟಿದ್ದರು. ಬಾಳೆ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲವನ್ನು ಒಣಗಿಸಿ, ನೀರಲ್ಲಿ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿದರೆ ಗಟ್ಟಿ ಅಂಟು ಬರುತ್ತದೆ. ಅಂಟು ಹಚ್ಚಿದ ಬೆಂಡನ್ನು, ಬಲೆಗೆ ಬಣ್ಣ ಕೊಡುವ ತಂಗಡಿ ತೊಗಟೆಯ ಕಷಾಯದಲ್ಲಿ ಮೂರು ಸಲ ಅದ್ದಿ ನೆರಳಲ್ಲಿ ಒಣಗಿಸುವುದು ಹೊಳೆದಂಡೆಯವರ ಪದ್ಧತಿ. ಇದರ ಹಿಂದಿನ ರಸಾಯನಶಾಸ್ತ್ರ ಸರಳ. ಪ್ರಾಣಿಜನ್ಯ ಅಂಟು ಪೆಟ್ರೋಲಿಗೂ ಕರಗದು, ಸ್ಪಿರಿಟ್ಟಿಗೂ ಕರಗದು. ಅದರ ಶತ್ರು ನೀರೊಂದೇ. ತೊಗಟೆಯ ಒಗರು, ಹಸಿಚರ್ಮವನ್ನು ಹದ ಮಾಡುವಂತೆಯೇ, ಅಂಟನ್ನು ಹದ ಮಾಡಿ ನೀರಿಗೂ ಜಗ್ಗದಂತೆ ಮಾಡುತ್ತದೆ. ಕಾಲೇಜಿನ ಪುಸ್ತಕದಲ್ಲಿ ಇವು ಎರಡು ಬೇರೆ ಬೇರೆ ಅಧ್ಯಾಯಗಳು. ಮಾಣಿಕಮ್ಮನಿಗೆ ಒಂದೇ ಒಲೆಯ ಮೇಲಿನ ಎರಡು ಗಡಿಗೆ.

ಅಂಟು ಕುದಿಸುವಾಗಿನ ನಾತ ಸ್ಟೇಷನ್ ರಸ್ತೆಯ ತುಂಬ ಹರಡಿತು. ಅಡತಿ ವ್ಯಾಪಾರಿ ಸೂಗಪ್ಪ ಸಾವ್ಕಾರರು ತಮ್ಮ ಗಾಡಿ ಒಯ್ಯಲು ಬಂದವರು ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತರು. ಏನು ನಾತ ಎಂದು ಕೇಳಿದಾಗ ಜಟ್ಟೆಪ್ಪ ಇದ್ದದ್ದನ್ನು ಇದ್ದಂತೆ ಹೇಳಿದರು. ಅಂದು ಬೆಂಚಿನ ಮೇಲೆ ಕೂತಿದ್ದವರು ಆ ಮಾತುಕತೆಯನ್ನು ಇಂದಿಗೂ ಆಡಿ ತೋರಿಸುತ್ತಾರೆ.

"ಏನೋ ಜಟ್ಟೆಪ್ಪ, ಮೀನದ ಅಂಟ ಹಚ್ಚಿದ ಗಾಡಿ ಮ್ಯಾಲ ಲಿಂಗ ಕಟ್ಟಿದವ್ರು ಕೂಡಬೇಕೇನು?"

"ಕೂಡಬ್ಯಾಡ್ರಿ ಸಾವ್ಕಾರ್ರ. ಅರಗ ಹಚ್ಚಿ ಕೊಡ್ತೀನಿ. ಎಲ್ಲಿ ನಿಲ್ತದೋ ಅಲ್ಲಿಂದ ನಡೀರಿ."

"ಸುಮ್ನ ಹಚ್ಚಿ ಕೊಟ್ಟಿದ್ರ ನನಗೇನ್ ಗೊತ್ತಾಗ್ತಿತ್ತು? ಯಾಕ್ ಹೇಳ್ದಿ?"

"ಹದಿನೆಂಟ್ ವರ್ಸ ಮುಚ್ಚಿಟ್ಟೀನ್ರಿ. ಇನ್ನ ಸಾಕಾಯ್ತು."

ಆ ವಾರ ಐದು ಜನ ತಮ್ಮ ಗಾಡಿಗಳನ್ನು ಬಿಡಿಸಿಕೊಂಡು ಹೋದರು. ಬೊಂಬಾಯಿ ಮಿಸ್ತ್ರಿ ಹೋಗಿ ಮೀನ ಮಿಸ್ತ್ರಿ ಎಂಬ ಹೆಸರು ಬಂತು. ಜಟ್ಟೆಪ್ಪ ಒಲೆಯನ್ನು ಹಿತ್ತಲಿಗೆ ಒಯ್ಯಲಿಲ್ಲ. ಅಂಗಡಿಯ ಮುಂದೆಯೇ, ಪೆಟ್ರೋಲಿನಿಂದ ದೂರಕ್ಕೆ, ಉರಿಸಿದರು, ಅದರ ಪಕ್ಕ ತಾಯಿಗೆ ಒಂದು ಹಾಸುಗಲ್ಲು ಹಾಕಿಕೊಟ್ಟರು. ಹೋದ ಐವರಲ್ಲಿ ಈವರೆಗೆ ಇಬ್ಬರು ಮರಳಿದ್ದಾರೆ. ಸೂಗಪ್ಪನವರು ಇನ್ನೂ ಬಂದಿಲ್ಲ. ಅವರ ಗಾಡಿ ಚಿತ್ತಾಪುರದ ದಾರಿಯಲ್ಲಿ ಎರಡು ಸಲ ನಿಂತ ಸುದ್ದಿ ಬಂದಿದೆ.

ಎಂಟು ಗಂಟೆಗೆ ಗಾಡಿ ಹೊರಡುತ್ತದೆ. ಜಟ್ಟೆಪ್ಪ ನಡೆಸುತ್ತಾರೆ, ತೊಟ್ಟಿಲಲ್ಲಿ ಹಮೀದಾಬೇಗಂ, ಹಿಂದಿನ ಸೀಟಿನಲ್ಲಿ ಈ ಲೇಖಕ. ಮಾರ್ಚಿನ ಬಿಸಿಲು. ದಾರಿಯುದ್ದಕ್ಕೂ ಕರಿಮಣ್ಣಿನ ಧೂಳು. ಅರ್ಧಕ್ಕಿಂತ ಹೆಚ್ಚು ದಾರಿ ಸವೆದ ಮೇಲೆ ಒಂದು ಒಣ ಹಳ್ಳದ ಮರಳಿನಲ್ಲಿ ಎಂಜಿನ್ನು ಎರಡು ಸಲ ಕೆಮ್ಮಿ ನಿಂತುಬಿಡುತ್ತದೆ. ಹಮೀದಾಬೇಗಂ ತಮ್ಮ ಪೆಟ್ಟಿಗೆಯ ಹಿಡಿ ಹಿಡಿದುಕೊಂಡು ಇಳಿಯುತ್ತಾರೆ.

"ಪೆಟ್ಟಿ ಇಡ್ರಿ ಆಪಾ" ಎನ್ನುತ್ತಾರೆ ಜಟ್ಟೆಪ್ಪ. ಕೈ ಬಟ್ಟಲು ಬಿಚ್ಚಲು ಹೋಗುವುದಿಲ್ಲ. ಮೊದಲು ಅದರ ಕೆಳಗೆ ಅಂಗೈ ಹಿಡಿಯುತ್ತಾರೆ. ಒಣ ಕೈ. "ಸೋರಿಲ್ಲ. ಹರಗೋಲ ತೇಲ್ಲಿಕತ್ತದ. ಇದು ಬ್ಯಾರೆ ರೋಗ." ಪೆಟ್ರೋಲು ತುಂಬುವ ಟಾಕಿಯ ಮುಚ್ಚಳ ತಿರುವಿದೊಡನೆ ಒಳಗೆ ಗಾಳಿ ಎಳೆದ ಸದ್ದು. ಮುಚ್ಚಳದಲ್ಲಿ ಗಾಳಿಯಾಡಲು ಇರುವ ಸಣ್ಣ ತೂತು ಧೂಳಿನಿಂದ ಮುಚ್ಚಿದೆ. ಗಾಳಿ ಒಳಗೆ ಹೋಗದೆ ಪೆಟ್ರೋಲು ಇಳಿಯುತ್ತಿಲ್ಲ. ದಂಡೆಯ ಜಾಲಿಯಿಂದ ಒಂದು ಮುಳ್ಳು ಮುರಿದು ತೂತು ಬಿಡಿಸುತ್ತಾರೆ. ಎರಡನೆಯ ಒದೆತಕ್ಕೆ ಗಾಡಿ ಹೊತ್ತಿಕೊಳ್ಳುತ್ತದೆ.

"ಈ ಬಿಡಿಭಾಗ ಯಾವ ಕಂಪನಿದು ಭಾಯ್?" ಹಮೀದಾಬೇಗಂ ಮುಳ್ಳು ತೋರಿಸಿ ಕೇಳುತ್ತಾರೆ.

"ಇದರ ಏಜೆಂಟ ಮ್ಯಾಗಿನವ ಇದ್ದಾನ್ರಿ ಆಪಾ. ಸ್ಟಾಕ್ ಇಲ್ಲ ಅನ್ನಂಗಿಲ್ಲ."

ಚಿಂಚೋಳಿ ದವಾಖಾನೆಯ ಅಂಗಳ ಸೇರಿದಾಗ ಹನ್ನೊಂದೂ ನಲವತ್ತು. ಮಜೀದಸಾಬರು ಬೇವಿನ ನೆರಳಿನಲ್ಲಿ ಮೇಜು ಹಾಕಿಸಿಕೊಂಡಿದ್ದಾರೆ. ಗುಜರಿ ವ್ಯಾಪಾರಿಗಳು ಇಬ್ಬರು ಆಗಲೇ ಬಂದು ಕುಳಿತಿದ್ದಾರೆ. ಪೇಶಕಾರರು ಗಾಡಿಯ ಸುತ್ತ ಒಮ್ಮೆ ನಡೆದು, ಗಡಿಯಾರ ನೋಡಿ, ಹರಾಜಿನ ಹುಕುಂ ಮೇಲೆ ಅಡ್ಡ ಗೆರೆ ಎಳೆಯುತ್ತಾರೆ. ವ್ಯಾಪಾರಿಗಳು ವಸ್ತ್ರ ಝಾಡಿಸಿಕೊಂಡು ಏಳುತ್ತಾರೆ. ಅಲ್ಲಿಗೆ ಮುಗಿಯಬೇಕಿತ್ತು. ಸರ್ಕಾರಿ ಕಾಗದ ಅಷ್ಟು ಬೇಗ ಮುಗಿಯುವುದಿಲ್ಲ.

"ಮಿಸ್ತ್ರಿ, ಏಜೆಂಟರ ಖತ್ ವಾಪಸ್ ಕೊಡು. ಫೈಲಿಗಿ ಹಚ್ಚಬೇಕು."

"ಅದು ಕೆಲಸಕ್ಕ ಹತ್ತ್ಯದರಿ ಸಾಬ್ರ." ಜಟ್ಟೆಪ್ಪ ಕಾರ್ಬುರೇಟರಿನ ಅಂಚಿನಲ್ಲಿ ಕೂದಲೆಳೆಯಷ್ಟು ಕಾಣುವ ಬಿಳಿಯ ಕಾಗದವನ್ನು ತೋರಿಸುತ್ತಾರೆ. "ಹೊರಗ ತಗದ್ರ ಪೆಟ್ರೋಲ ಸೋರತದ."

ಮಜೀದಸಾಬರು ಬಾಗಿ ನೋಡುತ್ತಾರೆ. ಮೀಸೆಯ ಕೆಳಗೆ ನಗು ಬಂದು ಹೋಗುತ್ತದೆ. "ಅಚ್ಛಾ, ಅಚ್ಛಾ. ಅಲ್ಲೇ ಇರ್ಲಿ." ಮತ್ತೆ ಲೇಖನಿ ಎತ್ತಿ ಕಾಗದದ ಖಾಲಿ ಅಂಕಣವೊಂದರ ಮೇಲೆ ಇಡುತ್ತಾರೆ. "ಇನ್ನೊಂದ್ ಖಾನಾ ಉಳದದ. ಹೊಸ ಭಾಗ ಎಲ್ಲಿಂದ ಬಂತು? ಹೆಸರ, ಊರ ಬರೀಬೇಕು. ಬೊಂಬಾಯಿ ಅಂತ ಬರೀಲಿ?"

"ಬ್ಯಾಡ್ರಿ." ಈ ಒಂದು ಮಾತಿಗೆ ಜಟ್ಟೆಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. "ಮಾಣಿಕಮ್ಮ ಅಂತ ಬರೀರಿ. ಅಂಬರಾಯನ ಹೇಂತಿ. ಭಂಕೂರ. ಮೀನ ಮಾರಾಕಿ ಅಂತನೂ ಬರೀರಿ, ಬಿಡಬ್ಯಾಡ್ರಿ."

ಪೇಶಕಾರರು ಬಲದಿಂದ ಎಡಕ್ಕೆ ಉರ್ದುವಿನಲ್ಲಿ ಬರೆಯುತ್ತಾರೆ, ಮಸಿ ಆರಲು ಊದುತ್ತಾರೆ. ಆ ಲಿಪಿ ಬಾರದ ಜಟ್ಟೆಪ್ಪ ಮೇಜಿನ ಮೇಲೆ ಬಾಗಿ ಒದ್ದೆ ಅಕ್ಷರಗಳನ್ನು ಬಹಳ ಹೊತ್ತು ನೋಡುತ್ತಾರೆ.

"ಓದ್ರಿ ಸಾಬ್ರ" ಎನ್ನುತ್ತಾರೆ. "ಜರಾ ಜೋರ್ಲೆ ಓದ್ರಿ."