ಸಣ್ಣಮ್ಮ ಮನೆಯಲ್ಲಿದ್ದ ದಿನಗಳು

ರಾಯಚೂರಿನ ಸೇಂಗಾ ಗಿರಣಿಯಲ್ಲಿ ಗೋಪಮ್ಮನನ್ನು ಅರಿಯದ ಹೆಂಗಸರಿರಲಿಲ್ಲ. ಸೇಂಗಾ ಒಡೆಯುವುದರಲ್ಲಿ, ಕೆಟ್ಟ ಕಾಳು ಆರಿಸುವುದರಲ್ಲಿ ಅವಳ ಕೈ ಬಲು ಚುರುಕು. ಮುಖದ ತುಂಬ ಸಿಡುಬಿನ ಕಲೆಗಳಿದ್ದವು. ಎಡಗಣ್ಣಿನ ಮೇಲೆ ಬಿಳಿಯ ಪೊರೆ ಮುಚ್ಚಿಕೊಂಡಿತ್ತು.

"ಒಂದs ಕಣ್ಣಾಗ ನಮ್ಮೆಲ್ಲಾರಗಿಂತ ಹೆಚ್ಚಿಗಿ ಆರಸ್ತಾಳ ನೋಡು ಈಕಿ" ಎಂದು ಜೊತೆಯವರು ಹಂಗಿಸಿದರೆ, "ನಿಮಗ ಎರಡನೇ ಕಣ್ಣು ಮುಕಾದಮನ ನೋಡಾಕ ಬೇಕಲ್ಲ ಬೇ" ಎಂದು ಕೂಲಿಯವರ ಮೇಲ್ವಿಚಾರಕನ ಕಡೆ ಕೈ ಮಾಡಿ ತಿರುಗಿಸಿ ಕೊಡುತ್ತಿದ್ದಳು.

ಇಷ್ಟು ಮಾತುಗಾರ್ತಿ ತನ್ನ ಮೊದಲ ಮಗನ ಸುದ್ದಿಯನ್ನು ಮಾತ್ರ ಎತ್ತುತ್ತಿರಲಿಲ್ಲ. ಎರಡನೆಯ ಕೂಸನ್ನು ಎತ್ತಿಕೊಂಡು ನಮ್ಮ ದವಾಖಾನೆಗೆ ಬಂದಾಗ ನನಗೆ ಅದು ತಿಳಿಯಿತು. ಆಗ ನಾನು ಅಲ್ಲಿ ಡಾಕ್ಟರಾಗಿದ್ದೆ. ಅವಳು ಹೇಳಿದ್ದನ್ನೂ ಅವಳ ಗಂಡ ಆಮೇಲೆ ಹೇಳಿದ್ದನ್ನೂ ಕೂಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಗೋಪಮ್ಮ ಹುಟ್ಟಿದ್ದು ಮಾನ್ವಿ ತಾಲೂಕಿನ ಬಾಗಲವಾಡದಲ್ಲಿ. ಅಪ್ಪ ಸುಂಕಪ್ಪ ಕಂಡವರ ಹೊಲದಲ್ಲಿ ಕೂಲಿ ಮಾಡುತ್ತಿದ್ದ. ಅವಳು ಐದಾರು ವರ್ಷದವಳಿದ್ದಾಗ ಊರಿಗೆ ಸಿಡುಬು ಬಂತು. ಆ ಬೇನೆಗೆ ಊರವರು ಬೇನೆ ಎನ್ನುತ್ತಿರಲಿಲ್ಲ, ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಅಮ್ಮ ಮೈಮೇಲಿರುವಷ್ಟು ದಿನ ಔಷಧ ಕೊಡಬಾರದು, ಮಗುವನ್ನು ಹೊಸ್ತಿಲು ದಾಟಿಸಬಾರದು, ಒಲೆಯ ಮೇಲೆ ಒಗ್ಗರಣೆ ಸಿಡಿಯಬಾರದು. ಮಗಳ ಕಣ್ಣಿನೊಳಗೇ ಗುಳ್ಳೆ ಎದ್ದದ್ದನ್ನು ಕಂಡ ಸುಂಕಪ್ಪ ತಾಳಲಾರದೆ, ಯಾರಿಗೂ ಹೇಳದೆ ಅವಳನ್ನು ಹೆಗಲ ಮೇಲೆ ಹೊತ್ತು ಮಾನ್ವಿಗೆ ನಡೆದ. ಅಲ್ಲಿ ಒಬ್ಬ ಹಕೀಮರು ಕಣ್ಣಿಗೆ ಹನಿ ಬಿಟ್ಟರು. ಕಣ್ಣು ಹೋಯಿತು.

ಊರು ಒಂದೇ ಮಾತು ಹೇಳಿತು: ಅಮ್ಮ ಮೈಮೇಲಿದ್ದಾಗ ಸೀಮೆ ದಾಟಿಸಿದ, ಔಷಧ ಹಾಕಿಸಿದ, ಅದಕ್ಕೇ ಅವಳು ಮುನಿದು ಕಣ್ಣು ತೆಗೆದುಕೊಂಡು ಹೋದಳು. ಸುಂಕಪ್ಪ ಅದನ್ನು ನಂಬಿದ. ಬದುಕಿರುವವರೆಗೂ ಮಗಳ ಎಡಮಗ್ಗುಲಿಗೆ ಕೂತು ಉಣ್ಣಲಿಲ್ಲ. ಅಪ್ಪನ ಆ ಸಂಕಟವನ್ನು ನೋಡುತ್ತ ಬೆಳೆದ ಮಗಳು ಊರಿನ ಮಾತನ್ನು ಅಪ್ಪನಿಗಿಂತ ಗಟ್ಟಿಯಾಗಿ ನಂಬಿದಳು.

ದೇವದುರ್ಗದ ತಾಯಣ್ಣನಿಗೆ ಅವಳನ್ನು ಕೊಟ್ಟರು. ಅವನು ಸಾವುಕಾರರ ಬಂಡಿಯಲ್ಲಿ ಹತ್ತಿಯನ್ನು ರಾಯಚೂರಿಗೆ ಹೊಡೆಯುತ್ತಿದ್ದ. ಹೋದರೆ ಬರಲು ನಾಲ್ಕಾರು ದಿನ ಬೇಕು. ಮನೆಯಲ್ಲಿ ಅತ್ತೆ ಹುಲಗೆಮ್ಮ. ಮದುವೆಯಾಗಿ ಬಹಳ ವರ್ಷ ಮಕ್ಕಳಿರಲಿಲ್ಲ. ತಿಂಥಣಿ ಮೌನೇಶ್ವರನಿಗೆ ಹರಕೆ ಹೊತ್ತ ಮೇಲೆ ೧೯೪೩ರ ದಸರೆಯ ಹೊತ್ತಿಗೆ ಗಂಡು ಕೂಸು ಹುಟ್ಟಿತು. ಮೌನಪ್ಪ ಎಂದು ಹೆಸರಿಟ್ಟರು.

ಕೂಸಿಗೆ ನಾಲ್ಕು ತಿಂಗಳು ತುಂಬಿದ ಮೇಲೆ ದೇವಿ ಹಾಕುವ, ಅಂದರೆ ಸಿಡುಬು ಬಾರದಂತೆ ಲಸಿಕೆ ಚುಚ್ಚುವ ಅಲ್ಲಾಉದ್ದೀನ್ ಸಾಹೇಬರು ಸೈಕಲ್ಲಿನ ಮೇಲೆ ಓಣಿಗೆ ಬಂದರು. ಬೇರೆ ತಾಯಂದಿರು ಮಕ್ಕಳನ್ನು ಒಳಗೆ ಅಡಗಿಸಿದರು. ಗೋಪಮ್ಮ ಮಗನನ್ನು ಎತ್ತಿಕೊಂಡು ಹೊರಗೆ ಬಂದಳು. ತನ್ನ ಮುಖಕ್ಕೆ ಆದದ್ದು ಮಗನ ಮುಖಕ್ಕೆ ಆಗಬಾರದು ಎಂಬುದು ಅವನು ಹೊಟ್ಟೆಯಲ್ಲಿದ್ದಾಗಲೇ ಅವಳು ಮಾಡಿದ ನಿಶ್ಚಯ.

ಹುಲಗೆಮ್ಮ ಬಾಗಿಲಿಗೆ ಅಡ್ಡ ನಿಂತಳು. "ಇಲ್ಲದ ಅಮ್ಮನ್ನ ಕರದು ಮನಿಯಾಗ ತಂದು ಇಟ್ಕೋತಾರೇನು? ಬುದ್ಧಿ ಅದ ಏನು ನಿನಗ?"

ಸಾಹೇಬರು ಸೈಕಲ್ ಒರಗಿಸಿ ಕಟ್ಟೆಯ ಮೇಲೆ ಕೂತರು. ಅವರಿಗೆ ಈ ಜಗಳ ಹೊಸದಲ್ಲ. "ಯವ್ವಾ, ಕೇಳು ಇಲ್ಲಿ. ಅಮ್ಮ ಇಬ್ಬರು. ದೊಡ್ಡಮ್ಮ ಬಂದ್ರ ಮನಿಗೆ ಮನಿನೇ ಒಯ್ತಾಳ. ನಾ ಕರಕೊಂಡು ಬರೂದು ಸಣ್ಣಮ್ಮನ್ನ. ಆಕಿ ಕೂಸಿನ ತೋಳಾಗ ನಾಕು ದಿನ ಇದ್ದು ಹೋಗ್ತಾಳ. ತಂಗಿ ಬಂದು ಹೋದ ಮನಿಗೆ ಅಕ್ಕ ಬರಂಗಿಲ್ಲ."

"ನಿನಗ ಹೆಂಗ ಗೊತ್ತು ಸಾಬಾ? ನೀ ಆಕಿ ಬೀಗ ಏನು?"

"ಇಪ್ಪತ್ತು ವರ್ಷ ಆತು ಆಕಿನ್ನ ಸೈಕಲ್ ಮ್ಯಾಲ ಹೊತ್ಕೊಂಡು ತಿರಗಾಕತ್ತು. ಬೀಗಗಿಂತ ಹೆಚ್ಚು."

ಹುಲಗೆಮ್ಮನಿಗೂ ನಗು ಬಂತು. ಆ ಸೀಮೆಯಲ್ಲಿ ದೇವಿ ಹಾಕುವವರು ಇಂಥ ಮಾತುಗಳಿಂದಲೇ ಕೆಲಸ ನಡೆಸುತ್ತಿದ್ದರು. ಸೀಸೆಯ ಔಷಧದ ವಿವರ ಹೇಳಿದರೆ ಕೇಳುವವರಿರಲಿಲ್ಲ. ಸಣ್ಣಮ್ಮನ ಮಾತಿಗೆ ಬಾಗಿಲು ತೆರೆಯುತ್ತಿದ್ದವು. ಆ ಮಾತಿನಿಂದ ಉಳಿದ ಮಕ್ಕಳು ಬಹಳ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಅತ್ತೆ ಒಪ್ಪಿದಳು, ಆದರೆ ಒಂದು ಕರಾರು ಹಾಕಿದಳು. "ಸಣ್ಣಾಕಿ ಆದ್ರೂ ಅಮ್ಮನs. ಕರಸ್ಕೊಂಡ ಮ್ಯಾಲ ಮರ್ಯಾದಿಲೇ ಇಟ್ಕೋಬೇಕು. ಒಗ್ಗರಣಿ ಇಲ್ಲ, ಔಷಧಿ ಇಲ್ಲ, ಕೂಸು ಹೊಸ್ತಲ ದಾಟಂಗಿಲ್ಲ. ಹಕ್ಕಳಿ ಉದರಿದ ಮ್ಯಾಲ ಮೊಸರನ್ನ ಒಯ್ದು ಸುಂಕ್ಲಮ್ಮನ ಗುಡಿ ತನಕ ಕಳಿಸಿ ಬರಬೇಕು. ಆಗ್ತದೇನು?"

"ಆಗ್ತದ ಅತ್ತಿ" ಎಂದಳು ಗೋಪಮ್ಮ. ಅತ್ತೆ ಹೇಳದಿದ್ದರೂ ಅವಳು ಹಾಗೆಯೇ ನಡೆದುಕೊಳ್ಳುತ್ತಿದ್ದಳು.

ಸಾಹೇಬರು ತೋಳು ತೊಳೆದು, ಔಷಧ ಹಚ್ಚಿ, ಸಣ್ಣ ಹಲ್ಲುಗಳಿದ್ದ ಚಕ್ರವನ್ನು ನಾಲ್ಕು ಕಡೆ ಒತ್ತಿ ತಿರುಗಿಸಿದರು. ಮೌನಪ್ಪ ಉಸಿರು ಕಟ್ಟಿ, ಮುಖ ಕೆಂಪಾಗಿ, ಆಮೇಲೆ ಓಣಿಗೆಲ್ಲ ಕೇಳುವಂತೆ ಅತ್ತ. ಗೋಪಮ್ಮ ಅವನ ತೋಳನ್ನು ಬಿಡದೆ ಹಿಡಿದಿದ್ದಳು. ಅಳುವುದೆಲ್ಲ ಈಗಲೇ ಅತ್ತು ಮುಗಿಸಲಿ ಎಂದುಕೊಂಡಳಂತೆ.

ವಾರ ಕಳೆದು ಸಾಹೇಬರು ನೋಡಲು ಬಂದಾಗ ನಾಲ್ಕೂ ಗುಳ್ಳೆ ಮುತ್ತಿನಂತೆ ಎದ್ದಿದ್ದವು. ಮೈ ಸ್ವಲ್ಪ ಬಿಸಿಯಾಗಿತ್ತು. "ಭಾಳ ಛಲೋ ಎದ್ದಾವ ಯವ್ವಾ. ಇನ್ನ ನಿನ್ನ ಮಗಗ ದೊಡ್ಡಮ್ಮನ ಭಯ ಇಲ್ಲ" ಎಂದು ಹೇಳಿ ಅರಕೇರಿ ಕಡೆಯ ಹಳ್ಳಿಗಳಿಗೆ ಹೊರಟುಹೋದರು. ಅವರ ಕೆಲಸದಲ್ಲಿ ಯಾವ ಕುಂದೂ ಇರಲಿಲ್ಲ.

ಮನೆಯ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿದ್ದರು. ಸಪ್ಪೆ ಸಾರು, ಜೋಳದ ರೊಟ್ಟಿ, ಮಜ್ಜಿಗೆ. ಗೋಪಮ್ಮ ತಲೆಗೆ ಎಣ್ಣೆ ಹಚ್ಚಲಿಲ್ಲ. ಗುಳ್ಳೆ ಒಣಗಿ ಕಪ್ಪು ಹಕ್ಕಳೆ ಕಟ್ಟಿದ ದಿನ ಅವಳಿಗೆ ಹಬ್ಬದಷ್ಟು ಸಂತೋಷವಾಯಿತು. ಇನ್ನು ಅದು ಉದುರುವುದೊಂದೇ ಬಾಕಿ.

ಆಗ ಕೂಸಿಗೆ ಭೇದಿ ಹತ್ತಿತು. ಬಿಸಿಲು ಏರತೊಡಗಿದ ದಿನಗಳು, ಓಣಿಯಲ್ಲಿ ಇನ್ನೂ ಕೆಲವು ಮಕ್ಕಳಿಗೆ ಅದೇ ತೊಂದರೆ ಇತ್ತು. ಆ ಮಕ್ಕಳನ್ನು ದವಾಖಾನೆಗೆ ಒಯ್ದು ತಂದರು. ಮೌನಪ್ಪನನ್ನು ಒಯ್ಯಲಿಲ್ಲ, ಅವನ ತೋಳಿನಲ್ಲಿ ಅಮ್ಮ ಇದ್ದಳು. ನೀರಿನಂತೆ ಹೋಗುತ್ತಿತ್ತು. ಕುಡಿದ ಹಾಲು ನಿಲ್ಲುತ್ತಿರಲಿಲ್ಲ. ಗೋಪಮ್ಮ ಬೇವಿನ ಟೊಂಗೆಯಿಂದ ಗಾಳಿ ಬೀಸುತ್ತ, ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೋ ಎಂದು ಬೇಡಿಕೊಳ್ಳುತ್ತ ಕೂತಳು.

ಎರಡನೆಯ ದಿನ ಮಧ್ಯಾಹ್ನ ತಾಯಣ್ಣ ಬಂಡಿ ಬಿಟ್ಟು ಒಳಗೆ ಬಂದ. ಕೂಸಿನ ನೆತ್ತಿ ಗುಳಿ ಬಿದ್ದಿತ್ತು, ಕಣ್ಣು ಒಳಗೆ ಹೋಗಿದ್ದವು. ಅಳುತ್ತಿತ್ತು, ಕಣ್ಣೀರಿರಲಿಲ್ಲ.

"ಎಷ್ಟು ಹೊತ್ತಾತು ಹಿಂಗ?"

"ನಿನ್ನಿ ಸಂಜಿಯಿಂದ."

"ದವಾಖಾನಿಗೆ ಯಾಕ ಒಯ್ದಿಲ್ಲ? ಕೊಡು ಇಲ್ಲಿ."

ಗೋಪಮ್ಮ ಕೂಸನ್ನು ಅವುಚಿಕೊಂಡು ಹಿಂದೆ ಸರಿದಳು. "ಅಮ್ಮ ಅದಾಳ ಮೈಮ್ಯಾಲ. ಹಕ್ಕಳಿ ಉದರಿಲ್ಲ."

"ಹಕ್ಕಳಿಗೂ ಹೊಟ್ಟಿಗೂ ಏನ್ ಸಂಬಂಧ? ಕೊಡs."

ಅವನು ಕೈ ಚಾಚಿದ. ಅವಳು ಮುಖ ಎತ್ತಿ, ಸೆರಗು ಸರಿಸಿ, ಎಡಗಣ್ಣನ್ನು ಅವನ ಎದುರಿಗೆ ಹಿಡಿದಳು. "ಇದನ್ನ ನೋಡು. ನನ್ನಪ್ಪನೂ ಹಿಂಗ ಮರಗಿ ಹೊತ್ಕೊಂಡು ಹೋದ. ಮಗನ ಕಣ್ಣು ತಗಸ್ತೀಯೇನು?"

ತಾಯಣ್ಣನ ಕೈ ಹಾಗೇ ನಿಂತಿತು.

ಮೂಲೆಯಲ್ಲಿ ಕೂತಿದ್ದ ಹುಲಗೆಮ್ಮ ಎದ್ದು ಬಂದಳು. ಕೂಸಿನ ಅಂಗಾಲು ಮುಟ್ಟಿ ನೋಡಿದಳು. "ಗೋಪಿ, ಒಯ್ಯಲಿ ಬಿಡು. ಕಾಲು ತಣ್ಣಗಾಗ್ಯಾವ. ಅಮ್ಮಗ ನಾ ಹೇಳ್ತೀನಿ. ಮಾತು ಹಾಕಿದಾಕಿ ನಾನು, ಮುರದಾಕಿನೂ ನಾನs ಆಗ್ತೀನಿ. ಬೇಕಾದ್ರ ನನ್ನ ಕಣ್ಣು ತಗೊಳ್ಳಿ, ಮುದುಕಿಗೆ ಎದಕ್ಕ ಬೇಕು?"

"ಆಕಿ ನಿಮ್ಮದು ತಗೋಳೂದಿಲ್ಲ ಅತ್ತಿ. ಕೂಸಿಂದು ತಗೋತಾಳ. ನನಗ ಗೊತ್ತದ."

ಅತ್ತೆ ಮತ್ತೊಮ್ಮೆ ಹೇಳಿದಳು, ಗಂಡ ಬೈದ, ಕೊನೆಗೆ ಹೊಡೆಯಲು ಕೈ ಎತ್ತಿದ. ಗೋಪಮ್ಮ ಕದಲಲಿಲ್ಲ. ಕಸಿದುಕೊಂಡರೆ ಕೂಸಿಗೆ ನೋವಾದೀತು ಎಂದು ಅವನು ಹಿಂದೆಗೆದ. ಹೊಸ್ತಿಲ ಮೇಲೆ ಬೆನ್ನು ಕೊಟ್ಟು ಕೂತ. ಕಣ್ಣು ಹೋದರೂ ಮಗ ಇರುತ್ತಾನಲ್ಲ ಎಂದು ಆಗ ಹೇಳಬೇಕಿತ್ತು, ಆ ಮಾತು ಬಾಯಿಗೆ ಬರಲಿಲ್ಲ ಎಂದು ಅವನು ನನಗೆ ಹೇಳಿದ. ಮಗ ಸಾಯುತ್ತಾನೆ ಎಂದು ಆ ಮೂವರಲ್ಲಿ ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಅಂದಿದ್ದರೆ ಏನಾಗುತ್ತಿತ್ತೋ.

ದೀಪ ಹಚ್ಚುವ ಹೊತ್ತಿಗೆ ಕೂಸು ಹೋಯಿತು. ಎರಡೂ ಕಣ್ಣು ಸ್ವಚ್ಛವಾಗಿದ್ದವು.

ಸೂಜಿ ಹಾಕಿಸಿದ್ದಕ್ಕೇ ಕೂಸು ಸತ್ತಿತು ಎಂದು ಓಣಿ ಆಡಿಕೊಂಡಿತು. ಗೋಪಮ್ಮ ಬಂದವರಿಗೆಲ್ಲ, "ಸೂಜಿ ಏನೂ ಮಾಡಿಲ್ಲ, ಅದು ಹೊಟ್ಟಿ ಬ್ಯಾನಿ" ಎಂದಳು. ದುಃಖದಲ್ಲಿ ಏನೋ ಅನ್ನುತ್ತಾಳೆ ಎಂದು ಅವರು ಎದ್ದು ಹೋದರು. ಮುಂದಿನ ಬಾರಿ ಅಲ್ಲಾಉದ್ದೀನ್ ಸಾಹೇಬರಿಗೆ ಆ ಓಣಿಯಲ್ಲಿ ಒಂದು ಮಗುವೂ ಸಿಗಲಿಲ್ಲ.

ತಾಯಣ್ಣನಿಗೆ ಆ ಹೊಸ್ತಿಲು ದಾಟುವುದು ಬೇಡವಾಯಿತು. ರಾಯಚೂರಿನ ಹತ್ತಿ ಗಿರಣಿಯಲ್ಲಿ ಕೆಲಸ ಹಿಡಿದ, ಹೆಂಡತಿಯನ್ನೂ ತಾಯಿಯನ್ನೂ ಕರೆತಂದ. ಎರಡು ವರ್ಷಕ್ಕೆ ಹೆಣ್ಣು ಕೂಸು ಹುಟ್ಟಿತು. ಅದಕ್ಕೂ ಗೋಪಮ್ಮನೇ ದೇವಿ ಹಾಕಿಸಿದಳು. ಹಾಕಿಸಿದ ದಿನವೇ ಗಂಟು ಕಟ್ಟಿಕೊಂಡು ಬಂದು ನಮ್ಮ ದವಾಖಾನೆಯ ಪಡಸಾಲೆಯಲ್ಲಿ ಕೂತಳು.

ಕೂಸನ್ನು ನೋಡಿದೆ. ಗುಂಡುಗುಂಡಾಗಿತ್ತು. "ಏನೂ ಆಗಿಲ್ಲ, ಮನಿಗೆ ಹೋಗು" ಎಂದೆ. ಹೋಗಲಿಲ್ಲ. ಕಂಪೌಂಡರ್ ಗದರಿದರೆ ಮೂಲೆ ಬದಲಿಸಿದಳು. ಹುಲಗೆಮ್ಮ ಹೊತ್ತುಹೊತ್ತಿಗೆ ರೊಟ್ಟಿ ತಂದುಕೊಟ್ಟು ಹೋಗುತ್ತಿದ್ದಳು. ವಾರವಾದ ಮೇಲೆ ನಾನೇ ಹೊರಗೆ ಬಂದು ಕೇಳಿದೆ.

"ಜಡ್ಡು ಬಿದ್ದರ ಕರಕೊಂಡು ಬರಬೇಕು. ಬೀಳೂಕಿಂತ ಮೊದಲs ಯಾಕ ಕುಂತೀ?"

"ಮನಿಯಾಗಿದ್ರ ಕರಕೊಂಡು ಬರೂದು ಆಗಂಗಿಲ್ರಿ ಅಮ್ಮಾರ. ಅಮ್ಮ ಮೈಮ್ಯಾಲಿದ್ರ ಹೊಸ್ತಲ ದಾಟೂದು ನನಗs ಆಗಂಗಿಲ್ಲ. ಇಲ್ಲೇ ಇದ್ರ ತರೂದು ಇರಂಗಿಲ್ಲ."

ಅಂದು ಅವಳು ಎಲ್ಲವನ್ನೂ ಹೇಳಿದಳು. ಅಳಲಿಲ್ಲ. ನಾನು ಅವಳ ಎಡಗಣ್ಣನ್ನು ಬೆಳಕಿಗೆ ಹಿಡಿದು ನೋಡಿದೆ. ಸಿಡುಬಿನ ಗುಳ್ಳೆ ಕಪ್ಪುಗುಡ್ಡೆಯ ಮೇಲೆ ಎದ್ದು ಕಲೆ ಕಟ್ಟಿದ ಕಣ್ಣು. ಅಂಥವನ್ನು ನಾನು ಎಷ್ಟೋ ಕಂಡಿದ್ದೆ.

"ಈ ಕಣ್ಣು ಬ್ಯಾನಿಯಿಂದ ಹೋಗ್ಯದ. ಮನಿಯಾಗ ಇಟ್ಕೊಂಡಿದ್ರೂ ಹೋಗ್ತಿತ್ತು. ನಿಮ್ಮಪ್ಪ ಹೊತ್ಕೊಂಡು ಹೋಗಿದ್ದರಿಂದ ಅಲ್ಲ."

ಅವಳು ಕೂಸನ್ನು ಎದೆಗೆ ಹಾಕಿಕೊಂಡಳು. "ಅಂದ್ರ ಅಪ್ಪಂದು ತಪ್ಪಿಲ್ಲ."

"ಇಲ್ಲ."

"ಮೌನಪ್ಪನ್ನ ತಂದಿದ್ರ?"

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. "ಉಪ್ಪಿನ ನೀರು ಏರಸ್ತಿದ್ರು. ಅಂಥ ಕೂಸು ಎಷ್ಟೋ ಉಳದಾವ. ಎಷ್ಟೋ ಉಳದಿಲ್ಲ."

"ಉಳದಾವ" ಎಂದಳು. ನಾನು ಹೇಳಿದ್ದರಲ್ಲಿ ಅವಳು ಹಿಡಿದದ್ದು ಅದೊಂದೇ ಮಾತು. "ದೇವದುರ್ಗದಾಗ ನಮ್ಮ ಬಾಗಲಾಗ ನಿಂತ್ರ ದವಾಖಾನಿ ಕಾಣತಿತ್ರಿ."

ಒಳಗೆ ಬೇರೆ ರೋಗಿಗಳಿದ್ದರು, ನಾನು ಎದ್ದು ಹೋದೆ. ಸಂಜೆ ಹೊರಗೆ ಬಂದಾಗಲೂ ಅವಳು ಕೂತಲ್ಲೇ ಇದ್ದಳು. ಕೂಸು ಯಾವಾಗಲೋ ಮೊಲೆ ಬಿಟ್ಟು ನಿದ್ದೆ ಹೋಗಿತ್ತು. ಸೆರಗು ಸರಿಮಾಡಿಕೊಳ್ಳಬೇಕೆಂಬುದೂ ಅವಳಿಗೆ ತಿಳಿದಿರಲಿಲ್ಲ.