ಬಯೂಮಿ ಕುಡಿಯದ ಲೋಟ

ಬಯೂಮಿ ತಾಳ ಬಡಿಯುತ್ತ ಬಂದರೆ ಸಯ್ಯಿದಾ ಜೈನಬ್ ಕೇರಿಯ ಬಾಯಲ್ಲಿ ನೀರೂರುತ್ತಿತ್ತು. ಹೊಟ್ಟೆಗೆ ಪಟ್ಟಿ ಹಾಕಿ ಬಿಗಿದ ದೊಡ್ಡ ಹೂಜಿ, ಅದರ ತುಂಬ ಜ್ಯೇಷ್ಠಮಧುವಿನ ಕಪ್ಪು ಪಾನಕ. ಮೊದಲ ಲೋಟ ಮಾರುವವನೇ ಕುಡಿದು ತೋರಿಸಬೇಕು, ಅದು ಅವರಪ್ಪನ ಕಾಲದ ನೇಮ. ಬಯೂಮಿ ಮೂಲೆಮೂಲೆಗೂ ಒಂದೊಂದು ಕುಡಿಯುತ್ತಿದ್ದ. ಸಂಜೆ ಮಿಕ್ಕಿದ್ದನ್ನು ಚೆಲ್ಲಲು ಮನಸ್ಸಾಗದೆ ಅದನ್ನೂ ಹೊಟ್ಟೆಗಿಳಿಸುತ್ತಿದ್ದ.

ರಂಜಾನಿಗೆ ತಿಂಗಳಿದೆ ಎನ್ನುವಾಗ ಅವನ ತೊಡೆ ಸೋತವು. ಹೂಜಿ ಹೊತ್ತು ಏಳಲು ಹೋದವನು ಕುಸಿದು ಕೂತ. ಅವನ ವರ್ಷದ ಅನ್ನವೆಲ್ಲ ಹುಟ್ಟುವುದು ಆ ಉಪವಾಸದ ತಿಂಗಳಲ್ಲೇ.

ದವಾಖಾನೆಯ ಡಾಕ್ಟರಮ್ಮ ಬಿಪಿ ನೋಡಿ ಹುಬ್ಬೇರಿಸಿದರು. "ಉಪ್ಪುಮೀನು ಜಾಸ್ತಿ ತಿಂತೀರಾ ಕಾಕಾ?"

"ಅದರ ವಾಸನೇನೇ ಆಗಲ್ಲ ನಂಗೆ. ಬಿಪಿ ಇಳೀಲಿ ಅಂತ ನನ್ ಪಾನಕಾನೇ ಇನ್ನೂ ಕುಡೀತಿದೀನಿ. ತಂಪಲ್ವಾ?"

"ಅದೇ ನಿಮ್ ಕಾಲು ತಿಂತಿರೋದು."

ಬಯೂಮಿಗೆ ಸಿಟ್ಟು ನೆತ್ತಿಗೇರಿತು. "ತಾತನ ಕಾಲದಿಂದ ಊರಿಗೇ ಕುಡಿಸಿದೀವಿ. ಯಾರ ಕಾಲು ಬಿತ್ತು, ಹೇಳಿ ನೋಡೋಣ."

"ಊರು ಲೋಟ ಕುಡಿಯುತ್ತೆ, ನೀವು ಹೂಜಿ ಕುಡೀತೀರಿ. ಮೂತ್ರಪಿಂಡದಲ್ಲಿ ಒಂದು ಕಿಣ್ವ ಇದೆ, ಬಾಗಿಲು ಕಾಯೋನ ಥರ. ಕಾರ್ಟಿಸಾಲ್ ಅನ್ನೋ ಹಾರ್ಮೋನ್ ಬಂದ್ರೆ ಹಲ್ಲು ಕಿತ್ತು ಕಳಿಸುತ್ತೆ. ಈ ಬೇರಿನ ಸಿಹಿ ಅವನ ಕೈ ಕಟ್ಟಿಹಾಕುತ್ತೆ. ಆಗ ಹಾರ್ಮೋನ್ ನುಗ್ಗಿ, ಉಪ್ಪು ಒಳಗೆ ಹಿಡಿದು ಬಿಪಿ ಏರಿಸಿ, ಪೊಟ್ಯಾಸಿಯಂ ಹೊರಗೆ ಹಾಕಿಸುತ್ತೆ. ಅದಿಲ್ದೆ ಕಾಲಿಗೆಲ್ಲಿ ಬಲ?"

ಸಿಟ್ಟು ಎತ್ತ ಹೋಯಿತೋ. ಬಯೂಮಿ ಕುರ್ಚಿ ಮುಂದಕ್ಕೆಳೆದ. "ನಾನು ಕುಡಿಯೋದು ಬಿಟ್ರೆ ಅವನ ಕೈ ಬಿಚ್ಚುತ್ತಾ?"

"ನಿಧಾನಕ್ಕೆ. ಮಾತ್ರೆನೂ ತಗೊಳ್ಳಿ."

ಬಿಟ್ಟ. ದಿನಾ ಬೆಳಿಗ್ಗೆ ತೊಡೆ ಅದುಮಿ, ಒಳಗಿನವನು ಎದ್ದನೋ ಇಲ್ಲವೋ ಎಂದು ನೋಡಿಕೊಂಡ. ರಂಜಾನಿನ ಮೊದಲ ಸಂಜೆ, ಉಪವಾಸ ಬಿಡುವ ಹೊತ್ತಿಗೆ, ಹೂಜಿ ಹೊತ್ತು ನೆಟ್ಟಗೆ ನಿಂತ.

ಕಸಾಯಿ ಅಂಗಡಿಯ ಶಹಾತ ತಡೆದ. "ಮೊದ್ಲು ನೀನ್ ಕುಡಿ."

"ನಾನ್ ಕುಡಿಯಲ್ಲ."

"ಯಾಕೋ, ಇಲಿಪಾಷಾಣ ಹಾಕಿದೀಯಾ?" ಸುತ್ತಲಿದ್ದವರು ನಕ್ಕರು. ಲೋಟ ಮುಟ್ಟಲು ಮಾತ್ರ ಯಾರೂ ಮುಂದೆ ಬರಲಿಲ್ಲ.

ಬಯೂಮಿ ಬಾಗಿಲು ಕಾಯುವವನ ಕಥೆ ಹೇಳಿದ. ಶಹಾತ ಹೊಟ್ಟೆ ತಡವಿಕೊಂಡ. "ಅಂಥೋನು ನನ್ನೊಳಗೂ ಇದಾನಾ?"

"ಎಲ್ಲರೊಳಗೂ ಇದಾನೆ. ನೀನು ಬಿಪಿ ಮಾತ್ರೆ ನುಂಗ್ತೀಯಾ?"

"ನುಂಗ್ತೀನಿ."

"ಹಾಗಾದ್ರೆ ನಿಂಗಿಲ್ಲ." ತುಂಬಿದ ಲೋಟವನ್ನು ಹಿಂದಕ್ಕೆಳೆದುಕೊಂಡ. ಬರುವ ಗಿರಾಕಿಯನ್ನೇ ಓಡಿಸುವವನು ವಿಷ ಹಾಕುತ್ತಾನೆಯೇ ಎಂದು ಪಕ್ಕದ ಇಸ್ತ್ರಿಯವನು ಅದನ್ನು ಕಿತ್ತುಕೊಂಡು ಕುಡಿದ. ಆಮೇಲೆ ಕೈಗಳು ಸಾಲಾಗಿ ಬಂದವು.

ಬಯೂಮಿ ಮುಂದಿನ ಮೂಲೆಗೆ ಹೊರಟ. ಶಹಾತ ಹಿಂದೆಯೇ ಬಂದ. "ಲೋ, ಆ ಕಾವಲುಗಾರನ ಹೆಸರೇನಂತೆ?"

"ಡಾಕ್ಟರಮ್ಮ ಹೇಳಿದ್ರು, ನನ್ ನಾಲಿಗೆ ತಿರುಗ್ಲಿಲ್ಲ. ನಾಳೆ ನೀನೇ ಹೋಗಿ ಕೇಳು."