ಕೆಂಪು ಶಾಯಿಯ ಮರಿಗಳು

ಕೋಳಿಮರಿ ಕೋಳಿಮರಿಯನ್ನು ತಿನ್ನುತ್ತದೆ ಎಂದು ಯಾರಾದರೂ ಹೇಳಿದ್ದರೆ ಆಗ ನಾನು ನಂಬುತ್ತಿರಲಿಲ್ಲ. ವೇಣೂರಿನ ನಮ್ಮ ಮನೆಯಲ್ಲಿ ಕೋಳಿಗಳ ನಡುವೆಯೇ ಬೆಳೆದವನು ನಾನು. ಆದರೆ ಊರಕೋಳಿಯ ಮರಿಗಳಿಗೆ ತಾಯಿ ಇರುತ್ತಿತ್ತು. ಅರುವತ್ತರ ದಶಕದಲ್ಲಿ ಸರಕಾರದವರು ಹಂಚಿದ ಬಿಳಿ ಜಾತಿಯ ಮರಿಗಳಿಗೆ ತಾಯಿ ಇರಲಿಲ್ಲ, ಲಾಟೀನು ಇತ್ತು.

ಬಂಟ್ವಾಳದಿಂದ ನಾನು ಅವನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಕೊಟ್ಟಿಗೆಯ ಮೂಲೆಯಲ್ಲಿ ಬಿದಿರಿನ ತಟ್ಟಿಯನ್ನು ದುಂಡಗೆ ಬಳಸಿ, ನೆಲಕ್ಕೆ ಉಮಿ ಹರಡಿ, ನಡುವೆ ಲಾಟೀನು ತೂಗಹಾಕಿದೆ. ಮರಿ ಕೊಟ್ಟ ಆಫೀಸಿನವರು ಅದನ್ನು ಬ್ರೂಡರ್ ಎನ್ನುತ್ತಿದ್ದರು.

ಮರಿಗಳನ್ನು ನೋಡಿಕೊಂಡವಳು ಅಕ್ಕ. ಗಂಡ ತೀರಿಕೊಂಡ ಮೇಲೆ ಪುಟ್ಟ ಮಗಳೊಂದಿಗೆ ನಮ್ಮಲ್ಲೇ ಇದ್ದಳು. ಮಗುವಿಗೆ ಮೈ ಹತ್ತುತ್ತಿರಲಿಲ್ಲ, ದಿನಾ ಮೊಟ್ಟೆ ಕೊಡಬೇಕೆಂದು ಮೂಡುಬಿದಿರೆಯ ಡಾಕ್ಟರು ಹೇಳಿದ್ದರು. ಮನೆಯ ಮೊಟ್ಟೆಗಳನ್ನು ನಾನು ಅಂಗಡಿಗೆ ಹಾಕುತ್ತಿದ್ದೆ. ಒಂದು ಬೇಕಾದರೂ ಅವಳು ನನ್ನ ಮುಖ ನೋಡಬೇಕಿತ್ತು. ಅದಕ್ಕೇ ಅವಳು ಕೇಳಿದ್ದು: “ಸಾಕುವ ಕೆಲಸ ನನ್ನದು, ಅರ್ಧ ಮರಿಗಳೂ ನನ್ನವು.” ನಾನು ಒಪ್ಪಿದೆ.

ಮೊದಲ ದಿನಗಳಲ್ಲಿ ಅವು ಲಾಟೀನಿನ ಕೆಳಗೆ ಒಂದರ ಮೇಲೊಂದು ಬಿದ್ದು ನಿದ್ದೆ ಮಾಡುತ್ತಿದ್ದವು. ಬಿಸಿ ಹೆಚ್ಚಾದರೆ ತಟ್ಟಿಯ ಅಂಚಿಗೆ ಸರಿಯುತ್ತಿದ್ದವು, ಚಳಿಯಾದರೆ ಕಿರುಚುತ್ತಿದ್ದವು. ಆ ಸದ್ದು ಕೇಳಿದರೆ ಸಾಕು, ಅಕ್ಕ ಅಡುಗೆ ಬಿಟ್ಟು ಓಡುವಳು. ಬರಬರುತ್ತಾ ಹಳದಿ ತುಪ್ಪುಳ ಉದುರಿ ರೆಕ್ಕೆಯಲ್ಲಿ ಬಿಳಿ ಗರಿ ಮೂಡಿತು. ಉಮಿಯಲ್ಲಿ ಹೊರಳಾಡತೊಡಗಿದವು. ಒಂದು ಜಿರಳೆ ಸಿಕ್ಕರೆ ಸಾಕು, ಎಲ್ಲವೂ ಅದರ ಹಿಂದೆ. ಎದೆಗೆ ಎದೆ ಕೊಟ್ಟು ಹಾರಿ ಜಗಳಾಡುವುದನ್ನೂ ಕಲಿತವು. ತಟ್ಟಿಯನ್ನು ದೊಡ್ಡದು ಮಾಡೆಂದು ಅಕ್ಕ ಹೇಳುತ್ತಲೇ ಇದ್ದಳು. ನಾಳೆ ಮಾಡುವ ಎನ್ನುತ್ತಿದ್ದೆ.

ನಾನು ಮಾಡಿದ್ದು ಬೇರೆ ಕೆಲಸ. ಪಾಲು ಬೆರೆಯಬಾರದೆಂದು, ಶಾಲೆಯ ಕಾಲದ ಕೆಂಪು ಶಾಯಿಯ ಕುಪ್ಪಿ ಹುಡುಕಿ ತಂದೆ.

“ಗುರುತು ಯಾಕೆ ಮಾರಾಯ? ಎಲ್ಲ ಒಂದೇ ಮನೆಯದ್ದಲ್ವಾ?” ಎಂದಳು ಅಕ್ಕ.

“ನಾಳೆ ಜಗಳ ಬೇಡ ಅಕ್ಕ.”

“ಹಾಗಾದ್ರೆ ನಿನ್ನ ಮರಿಗಳಿಗೆ ಹಚ್ಚು. ಮದುಮಕ್ಕಳ ಹಾಗೆ ಕಾಣ್ತವೆ.”

“ನನ್ನದು ಬಿಳಿಯೇ ಇರ್ಲಿ.”

ಆ ಬಿಳಿ ಬಣ್ಣದ ಮೇಲೆ ನನಗೆ ಅಷ್ಟು ಮೋಹ. ಅವಳ ಪಾಲಿನ ಒಂದೊಂದರ ಬಾಲದ ಬುಡಕ್ಕೂ ಶಾಯಿ ಹಚ್ಚಿದೆ. ಹಚ್ಚುವಾಗ ನನ್ನ ಬೆರಳಿಗೂ ಕೆಂಪು ತಾಗಿತ್ತು. ಬಿಳಿ ಮರಿಯೊಂದು ಓಡಿ ಬಂದು ಆ ಬೆರಳನ್ನು ಕುಕ್ಕಿತು, ಮತ್ತೆ ಕುಕ್ಕಿತು. ನಾನು ನಕ್ಕೆ.

ಮರುದಿನ ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಅಕ್ಕನ ಮಗಳು ಬಂದು ಹೇಳಿದಳು: “ಮಾವ, ಮರಿಗಳು ಒಂದನ್ನು ತಿನ್ತಾ ಉಂಟು.”

ಹೋಗಿ ನೋಡಿದೆ. ಒಂದು ಮರಿ ಇನ್ನೂ ನಡೆಯುತ್ತಿತ್ತು, ಅದರ ಹಿಂದೆ ಅದರದೇ ಕರುಳು ಎಳೆದುಕೊಂಡು ಬರುತ್ತಿತ್ತು. ಉಳಿದವು ಜಿರಳೆಯ ಹಿಂದೆ ಓಡುವಂತೆಯೇ ಅದರ ಹಿಂದೆ ಓಡುತ್ತಿದ್ದವು. ಅದೇ ಸಂತೋಷ, ಅದೇ ಚಿಲಿಪಿಲಿ. ಉಮಿಯ ಮೇಲೆ ಕೆಲವು ಸತ್ತು ಬಿದ್ದಿದ್ದವು, ಎಲ್ಲವೂ ಬಾಲದ ಬುಡದಿಂದ ಟೊಳ್ಳು. ಹೊಟ್ಟೆ ತುಂಬಿದವು ಕೊಕ್ಕು ಕೆಂಪು ಮಾಡಿಕೊಂಡು ಲಾಟೀನಿನ ಕೆಳಗೆ ಒಂದಕ್ಕೊಂದು ಒತ್ತಿ ಕಣ್ಣು ಮುಚ್ಚಿದ್ದವು.

ಅಕ್ಕ ಬಂದಳು. ಜೀವ ಇದ್ದವನ್ನು ಸೆರಗಿನಲ್ಲಿ ಎತ್ತಿಕೊಂಡಳು.

“ಕೆಂಪಿನವೇ ಯಾಕೆ?” ಎಂದು ಕೇಳಿದಳು.

ನನಗೆ ಗೊತ್ತಿತ್ತು. ಶಾಯಿ ತಾಗಿದ ಬೆರಳು ಹಿಂದಿನ ದಿನವೇ ಹೇಳಿಯಾಗಿತ್ತು. “ನಿನ್ನ ಪಾಲಿಗೆ ಬಂದದ್ದು ಸೊರಗಿದ ಮರಿಗಳು. ಅದಕ್ಕೆ ನಾನೇನು ಮಾಡ್ಲಿ?” ಎಂದೆ.

“ಉಳಿದದ್ದರಲ್ಲಿ ಪಾಲು?”

“ಪಾಲು ಆಗಿ ಆಯ್ತಲ್ಲ.”

ಮರಿಗಳನ್ನು ಕಂಡು ಬೆಚ್ಚಿಬಿದ್ದವನ ಬಾಯಿಂದ, ಆ ರಕ್ತ ಒಣಗುವ ಮೊದಲೇ, ಈ ಮಾತು ಹೇಗೆ ಬಂತು? ಈ ವಯಸ್ಸಿನಲ್ಲೂ ಅದನ್ನೇ ಕೇಳಿಕೊಳ್ಳುತ್ತೇನೆ. ಮರಿಗಳಿಗೆ ತಿಳಿವಳಿಕೆ ಇರಲಿಲ್ಲ. ನನಗಿತ್ತು.

ಅಕ್ಕ ಎತ್ತಿಕೊಂಡು ಹೋದವಕ್ಕೆ ಅರಸಿನ ಹಚ್ಚಿ ಬುಟ್ಟಿಯಡಿ ಇಟ್ಟಳು. ಅವೂ ಉಳಿಯಲಿಲ್ಲ. ನನ್ನ ಬಿಳಿ ಮರಿಗಳಿಗೆ ನೀರು ಇಡುವುದನ್ನು ಮಾತ್ರ ಅವಳು ಒಂದು ದಿನವೂ ತಪ್ಪಿಸಲಿಲ್ಲ.

ಅವು ಬೆಳೆದು ಮೊಟ್ಟೆ ಇಡತೊಡಗಿದಾಗ, ಮನಸ್ಸು ತಡೆಯದೆ ಒಂದನ್ನು ಮಗುವಿನ ಕೈಗೆ ಕೊಟ್ಟೆ. ಒಳಗೆ ಓಡಿದ ಮಗು ಕೂಡಲೇ ತಿರುಗಿ ಬಂತು, ಎರಡೂ ಕೈಗಳಲ್ಲಿ ಮೊಟ್ಟೆ ಹಿಡಿದುಕೊಂಡು.

“ಇದು ನಮ್ಮ ಕೋಳಿದ್ದಲ್ಲ ಅಂತೆ ಮಾವ. ಕೊಟ್ಟು ಬಾ ಅಂತ ಹೇಳಿದ್ರು ಅಮ್ಮ.”

ಆ ಕೈಗಳು ಎಷ್ಟು ತೆಳ್ಳಗಿದ್ದವೆಂದು ಆ ದಿನವೇ ನಾನು ಸರಿಯಾಗಿ ನೋಡಿದ್ದು. ಒಳಗೆ ಹೋಗಿ ಅಕ್ಕನ ಮುಂದೆ ನಿಂತು ಶಾಯಿಯ ನಿಜ ಹೇಳಬಹುದಿತ್ತು. ಮಗುವಿನ ಕೈಯಿಂದ ಮೊಟ್ಟೆ ತೆಗೆದುಕೊಂಡು, ಅಂಗಡಿಗೆ ಹೋಗುವ ಬುಟ್ಟಿಯಲ್ಲಿ ಇಟ್ಟೆ.